ಒಂದೇ ರಾತ್ರಿಗೆ ಎರಡು ತೀರ್ಪು

ನಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ಅವ್ವ ಒಬ್ಬಳೇ. ಅವಳಿಗೂ ಹಲ್ಲಿರಲಿಲ್ಲ, ಕುಟ್ಟಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೀಗಿದ್ದರೂ ವಾರಕ್ಕೊಮ್ಮೆ ನಮ್ಮ ಮನೆಗೆ ಒಂದು ಮದುವೆಗೆ ಸಾಲುವಷ್ಟು ಸವಣೂರಿನ ಎಲೆ ಬರುತ್ತಿತ್ತು. ತರುತ್ತಿದ್ದವನು ನನ್ನ ತಮ್ಮ. ತಿಳವಳ್ಳಿಯಿಂದ ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಶಿಗ್ಗಾಂವಿಗೆ ಇನ್ನೊಂದು, ಶಿಗ್ಗಾಂವಿಯಲ್ಲಿ ಚಹಾ ಕುಡಿದು ಸವಣೂರಿಗೆ ಮತ್ತೊಂದು. ಹಲ್ಲಿಲ್ಲದ ತಾಯಿಯ ಮೇಲೆ ಇಷ್ಟು ಪ್ರೀತಿ ಇಟ್ಟ ಮಗ ಸುತ್ತ ಹತ್ತು ಹಳ್ಳಿಯಲ್ಲಿಲ್ಲ ಎಂದು ಓಣಿಯ ಹೆಂಗಸರು ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು.

ನಾನು ನಮ್ಮೂರು ತಿಳವಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕಾರು, ಅಂದರೆ ಶಿಕ್ಷಕಿ. ಮದುವೆಯಾದ ವರ್ಷವೇ ಗಂಡ ತೀರಿಕೊಂಡ. ಅತ್ತೆಯ ಮನೆಯವರು ನನ್ನ ಟ್ರಂಕನ್ನೂ ನನ್ನನ್ನೂ ಒಂದೇ ಚಕ್ಕಡಿಯಲ್ಲಿ ತವರಿಗೆ ತಂದು ಇಳಿಸಿ, ಚಕ್ಕಡಿಗೆ ಹೊತ್ತಾಗುತ್ತದೆಂದು ಹೋದರು. ಅಪ್ಪ ಆಗ ಇದ್ದ. ಅಳುತ್ತ ಕೂರಬೇಡವೆಂದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಿಸಿದ. ಪಾಸಾದೆ, ನೌಕರಿ ಸಿಕ್ಕಿತು. ಗಣಿತ ಮೊದಲಿನಿಂದಲೂ ನನಗೆ ಸೇರುತ್ತಿತ್ತು. ಹಾನಗಲ್ಲಿನಿಂದ ಹೊರಟ ಚಕ್ಕಡಿ ಹಿರೇಕೆರೂರು ಯಾವಾಗ ಮುಟ್ಟುತ್ತದೆ ಎಂಬಂಥ ಲೆಕ್ಕ ಕೊಡುವ ಮೊದಲು ಹುಡುಗಿಯರಿಗೆ ಒಂದು ಮಾತು ಹೇಳುತ್ತಿದ್ದೆ: ಚಕ್ಕಡಿ ಒಂದೇ ಇದ್ದರೆ ಒಂದು ಹೊತ್ತಿಗೆ ಅದು ಒಂದೇ ಕಡೆ ಇರುತ್ತದೆ. ಮೂರನೆಯ ಇಯತ್ತೆಯ ಮಕ್ಕಳು ಇಷ್ಟನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದರು.

ತಮ್ಮನಿಗೆ ಹಿರೇಕೆರೂರು ಕಡೆಯ ಒಂದು ಹಳ್ಳಿಯಿಂದ ಹೆಣ್ಣು ತಂದಿದ್ದೆವು. ಒಳ್ಳೆಯ ಹುಡುಗಿ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮನೆಯಲ್ಲಿ ರಾಶಿ ಬಿದ್ದ ಎಲೆಯನ್ನು ನೋಡಿ ಒಂದು ದಿನ ನನ್ನನ್ನು ಕೇಳಿದಳು, "ಅಕ್ಕಾರ, ಈ ಎಲಿ ಎಮ್ಮಿಗೆ ಹಾಕಿದ್ರ ಹಾಲು ಕೆಂಪಗ ಬರ್ತಾವೇನ್ರಿ?" ಅವಳೂ ನಗಲಿಲ್ಲ, ನಾನೂ ನಗಲಿಲ್ಲ. ಆ ಹುಡುಗಿಗೆ ತಿಳಿದಿದೆ ಎಂದು ನನಗೆ ಅವತ್ತು ತಿಳಿಯಿತು.

ನನಗೆ ತಿಳಿದದ್ದು ಅದಕ್ಕೂ ಮೊದಲು. ಶಿಕ್ಷಕರ ಸಭೆಗೆಂದು ಸವಣೂರಿಗೆ ಹೋದಾಗ, ಇಷ್ಟು ಎಲೆ ಬೆಳೆಯುವ ಪುಣ್ಯಾತ್ಮ ಯಾರು ನೋಡೋಣವೆಂದು ತೋಟ ಹುಡುಕಿಕೊಂಡು ಹೋದೆ. ಎಲೆತೋಟಕ್ಕೆ ಅದರದೇ ಒಂದು ಮಡಿಯಿದೆ. ಚಪ್ಪಲಿ ಹಾಕಿಕೊಂಡು ಯಾರೂ ಒಳಗೆ ಕಾಲಿಡುವಂತಿಲ್ಲ. ಬೇಲಿಯ ಬಾಗಿಲಲ್ಲೇ ಬಿಡಬೇಕು. ಮೈಲಿಗೆ ತಾಗಿದರೆ ಬಳ್ಳಿ ಬಾಡುತ್ತದಂತೆ. ಪಕ್ಕದ ತೋಟದ ಒಬ್ಬ ಮುದುಕ ನನ್ನನ್ನು ಕಂಡವನೇ ಬೇಲಿಯಾಚೆಯಿಂದ, "ಹೊರಗ ಆಗಿಲ್ಲಲ್ಲ, ಅವ್ವಾರ?" ಎಂದು ವಿಚಾರಿಸಿದ. ಗುರುತಿಲ್ಲದ ಹೆಂಗಸಿಗೆ ಕೇಳುವ ಮೊದಲ ಮಾತು ಅದು. ಬಳ್ಳಿಯ ಕಾಳಜಿ ಅಷ್ಟಿತ್ತು ಅವನಿಗೆ. ಇಲ್ಲವೆಂದು ಹೇಳಿ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಳಗೆ ನನ್ನ ತಮ್ಮ ಏಣಿ ಹಿಡಿದು ನಿಂತಿದ್ದ. ಏಣಿಯ ಮೇಲೆ ತೋಟದವನು, ಒಬ್ಬ ಎತ್ತರದ ಆಳು, ನುಗ್ಗೆಯ ಗಿಡಕ್ಕೆ ಬಳ್ಳಿ ಕಟ್ಟುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಒಂದು ಕಡೆ ಎರಡು ಗಳಿಗೆ ನಿಲ್ಲದ ನನ್ನ ತಮ್ಮ, ಒಬ್ಬರು ಬಳ್ಳಿ ಕಟ್ಟಿ ಮುಗಿಸುವವರೆಗೆ ಏಣಿ ಹಿಡಿದು ನಿಂತದ್ದನ್ನು ನಾನು ನೋಡಿದೆ. ಆಮೇಲೆ ಗುಡಿಸಲಿನಲ್ಲಿ ಚಹಾ ಆಯಿತು. ಗುಡಿಸಲಿನಲ್ಲಿ ಒಂದು ಚಾಪೆ, ಒಂದು ಕೌದಿ. ತಿಳಿಯಿತು. ತಿಳಿದದ್ದಕ್ಕೆ ನಮ್ಮ ಭಾಷೆಯಲ್ಲಿ ಬೈಗುಳವಿತ್ತೇ ಹೊರತು ಹೆಸರಿರಲಿಲ್ಲ. ಬಯ್ಯಲು ಮನಸ್ಸಾಗಲಿಲ್ಲ. ಹೊರಡುವಾಗ ತೋಟದವನು ಎಲೆ ಕಟ್ಟಿಕೊಟ್ಟು, "ಅವ್ವಗ ಕೊಡ್ರಿ, ಅಕ್ಕಾರ" ಎಂದ. ಮನೆಯಲ್ಲಿ ಈಗಾಗಲೇ ಎಷ್ಟಿದೆ ಎಂದು ನಾನು ಹೇಳಲಿಲ್ಲ.

ಮುಂದಿನ ವರ್ಷ ಮಳೆ ತಡವಾಯಿತು. ತಿಳವಳ್ಳಿಯಲ್ಲಿ ಭತ್ತದ ಗದ್ದೆಗೆ ಕೆರೆಯ ನೀರು. ಪಾಳಿಯ ಪ್ರಕಾರ ಒಬ್ಬರಾದ ಮೇಲೆ ಒಬ್ಬರಿಗೆ. ನಮ್ಮ ಪಾಳಿಯ ಹೊತ್ತಿಗೆ ಪಕ್ಕದ ಗದ್ದೆಯವನು ನೀರು ತಿರುಗಿಸಿಕೊಂಡ. ಚಹದಂಗಡಿಯ ಮುಂದೆ ಜಗಳವಾಯಿತು. ನನ್ನ ತಮ್ಮ ಹತ್ತು ಜನರೆದುರು, "ನಿನ್ನ ಕಡದ ಕೆರಿಗೆ ಚೆಲ್ಲತೇನಿ" ಎಂದ. ನಮ್ಮ ಕಡೆ ಈ ಮಾತು ಆಡದೆ ಭತ್ತ ಬೆಳೆದ ರೈತ ಒಬ್ಬನೂ ಇಲ್ಲ. ಬೆಳೆ ಬಂದ ಮೇಲೆ ಕಡಿಯುತ್ತೇನೆಂದವನೂ ಕಡಿಸಿಕೊಳ್ಳಬೇಕಾದವನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ.

ಆದರೆ ಈ ಸಲ ಆ ಮನುಷ್ಯ ನಿಜವಾಗಿ ಸತ್ತ. ಒಂದು ಬೆಳಿಗ್ಗೆ ಕೆರೆಯ ತೂಬಿನ ಹತ್ತಿರ ಹೆಣ ಸಿಕ್ಕಿತು; ಪಕ್ಕದಲ್ಲಿ ಕೊಡಲಿ. ಕೊಡಲಿ ನಮ್ಮದು. ಅದು ನಮ್ಮದೆಂದು ಇಡೀ ಊರು ಗುರುತಿಸಿತು, ಯಾಕೆಂದರೆ ಇಡೀ ಊರು ಒಮ್ಮೆಯಾದರೂ ಅದನ್ನು ಕಡ ಒಯ್ದಿತ್ತು. ಕೊಂದವರು ಯಾರೆಂದು ನನಗೆ ಗೊತ್ತಿಲ್ಲ. ಅಂದಾಜು ಇದೆ. ಅಂದಾಜಿನ ಮೇಲೆ ಒಬ್ಬನನ್ನು ಕಳೆದುಕೊಂಡ ಮನೆಯವಳು ನಾನು. ಇನ್ನೊಬ್ಬರ ಮನೆಗೆ ಅದನ್ನು ಕಳಿಸುವುದಿಲ್ಲ.

ಹೆಣ ಸಿಕ್ಕ ಹೊತ್ತಿನಲ್ಲಿ ನನ್ನ ತಮ್ಮ ಊರಲ್ಲೇ ಇರಲಿಲ್ಲ. ಹಿಂದಿನ ದಿನ ಸವಣೂರಿಗೆ ಹೋದವನು ಬೆಳಗಿನ ಬಸ್ಸಿಗೆ ವಾಪಸು ಬಂದ. ಅಂಗಳದಲ್ಲಿ ಪಟ್ ಪಟ್ ಎಂದು ಸಪ್ಪಳವಾಗಿ ತಿರುಗಿ ನೋಡಿದರೆ ಇವನು, ಕಾಲಲ್ಲಿ ಒಂದು ಬೆರಳು ದೊಡ್ಡದಾದ ಚಪ್ಪಲಿ. "ಯಾರ್ವೋ ಇವು?" ಎಂದೆ. ಕೆಳಗೆ ನೋಡಿಕೊಂಡು ಅವನೂ ನಕ್ಕ. ಮೊದಲ ಬಸ್ಸು ಹಿಡಿಯಲು ನಸುಕಿನ ಕತ್ತಲಲ್ಲಿ ಎದ್ದು ಬಂದಿದ್ದ. ಬೇಲಿಯ ಬಾಗಿಲಲ್ಲಿ ಬಿಟ್ಟಿದ್ದ ಎರಡು ಜೊತೆಯಲ್ಲಿ ಕಾಲಿಗೆ ಸಿಕ್ಕದ್ದನ್ನು ಮೆಟ್ಟಿಕೊಂಡಿದ್ದ. ಎಲೆಯ ಪೆಂಡಿಯಿಂದ ಇನ್ನೂ ನೀರು ಸೋರುತ್ತಿತ್ತು. ಅದನ್ನು ಅವ್ವನ ಮುಂದಿಟ್ಟು ರೊಟ್ಟಿಗೆ ಕೂತ. ರೊಟ್ಟಿ ಮುಗಿಯುವ ಮೊದಲು ಪೊಲೀಸರು ಬಂದರು. ರಕ್ತ ಇದೆಯೇನೋ ಎಂದು ಫೌಜದಾರರು ಕಾಲಲ್ಲಿದ್ದ ಚಪ್ಪಲಿಯನ್ನು ಬಿಚ್ಚಿಸಿ ಕಾಗದದಲ್ಲಿ ಸುತ್ತಿಕೊಂಡರು. ನನ್ನ ತಮ್ಮ ಬರಿಗಾಲಲ್ಲಿ ಹೋದ.

ಅವನು ಎಲ್ಲಿದ್ದನೆಂದು ಸಂಜೆಯೊಳಗೆ ಎಲ್ಲರಿಗೂ ಅರ್ಥವಾಯಿತು. ಅರ್ಥವಾದ ಕೂಡಲೇ ಊರು ಅವನನ್ನು ಬೇರೆ ಎಲ್ಲಾದರೂ ಇಡಲು ಓಡಾಡತೊಡಗಿತು. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅವರಿಗೆ ಅವನ ಮೇಲೆ ನಿಜವಾದ ಪ್ರೀತಿಯಿತ್ತು. ಗೌಡರು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು, "ನೀವೇನೂ ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ಆ ರಾತ್ರಿ ಹುಡುಗ ನಮ್ಮ ಭಜನಿಯಾಗ ಇದ್ದ. ಬೆಳತನಕ ತಾಳ ಹಾಕ್ಯಾನ. ಐದು ಮಂದಿ ಹೇಳ್ತೇವಿ."

"ಅಂವ ಸವಣೂರಾಗ ಇದ್ದನಲ್ರಿ ಗೌಡ್ರ. ಖರೇನ ಹೇಳಿದ್ರ ಆತಲ್ಲ?"

ಗೌಡರು ಬಹಳ ಮರ್ಯಾದೆಯಿಂದ ನನ್ನ ಮುಖ ನೋಡದೆ ಅಂದರು, "ಖರೇ ಹೇಳಿದ್ರ ಹುಡುಗ ಉಳೀಬಹುದು. ಮುಂದ ಊರಾಗ ಹೆಂಗ ಉಳೀತಾನ?"

ಐದು ಜನ ದೈವಭಕ್ತರು ಗೀತೆಯ ಮೇಲೆ ಕೈಯಿಟ್ಟು ಸುಳ್ಳು ಹೇಳಲು ತಯಾರಾಗಿದ್ದರು. ನಿಜ ಹೇಳಲು ಮಾತ್ರ ಅವರಿಗೆ ನಾಚಿಕೆ.

ತಮ್ಮನನ್ನು ಜೈಲಿನಲ್ಲಿ ನೋಡಿ ನಾನು ಅದನ್ನೇ ಹೇಳಿದೆ: ತೋಟದವನನ್ನು ಕರೆಸೋಣ. ಅವನು ಸರಳಿಗೆ ಹಣೆಯಿಟ್ಟು, "ಅವನ ಹೆಸರ ತರಬ್ಯಾಡಕ್ಕ. ಕಲಮು ಐತಿ ಅದಕ. ಅವಗೂ ಒಳಗ ಹಾಕ್ತಾರ" ಎಂದ. ಗಂಡಸಿನ ಜೊತೆ ಗಂಡಸು ಮಲಗಿದರೆ ಜನ್ಮಠೇಪದವರೆಗೆ, ಅಂದರೆ ಜೀವಾವಧಿಯವರೆಗೆ, ಶಿಕ್ಷೆ ಕೊಡಬಹುದಾದ ಮುನ್ನೂರ ಎಪ್ಪತ್ತೇಳನೆಯ ಕಲಮು ಒಂದಿದೆಯೆಂದು ನನಗೆ ಗೊತ್ತಾದದ್ದು ಅವತ್ತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ತಮ್ಮನಿಗೆ ಅದರ ನಂಬರು ಬಾಯಿಪಾಠವಾಗಿತ್ತು. ನಮ್ಮ ವಕೀಲರೂ ಭಜನೆಯೇ ಲೇಸು ಎಂದರು. ಅವರು ಸಭ್ಯರು, ಜಾಣರು. ಆದರೆ ಬೀಗರನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೀಗರು ಎಂದರೆ ತಮ್ಮನ ಮಾವ. ಹೆಣ ಸಿಕ್ಕ ದಿನವೇ ಸುದ್ದಿ ತಿಳಿದು, ತಮ್ಮೂರಿನಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ, ನಮ್ಮನ್ನು ಒಂದು ಮಾತೂ ಕೇಳದೆ ಹೇಳಿಕೆ ಕೊಟ್ಟಿದ್ದರು: ಆ ರಾತ್ರಿ ಅಳಿಯ ನಮ್ಮ ಮನೆಯಲ್ಲಿದ್ದ, ತವರಿಗೆ ಬಂದಿದ್ದ ನನ್ನ ಮಗಳ ಕೋಣೆಯಲ್ಲಿ ಮಲಗಿದ್ದ. ಮಗಳ ಮರ್ಯಾದೆಗೆ ಅವರು ಮಾಡಿದ ಏರ್ಪಾಡು ಅದು. ಹೀಗೆ ನನ್ನ ತಮ್ಮ ಆ ಒಂದು ರಾತ್ರಿ ತಿಳವಳ್ಳಿಯಲ್ಲಿ ತಾಳ ಹಾಕುತ್ತಿದ್ದ, ಹಿರೇಕೆರೂರಿನ ಕಡೆ ಹೆಂಡತಿಯ ಜೊತೆ ಮಲಗಿದ್ದ. ಕೊಲೆ ಮಾಡಲು ಅವನಿಗೆ ಪುರಸೊತ್ತೇ ಇರಲಿಲ್ಲ.

ಜಿಲ್ಲೆಯ ಕೋರ್ಟಿನಲ್ಲಿ ಐದು ಜನ ಭಜನೆಯವರು ಒಬ್ಬರಾದ ಮೇಲೆ ಒಬ್ಬರು ಬಂದು ಹೇಳಿದರು. ಐದನೆಯವನು ಉತ್ಸಾಹದಲ್ಲಿ, ಹುಡುಗ ಎರಡು ಪದ ಹಾಡಿದನೆಂದೂ ಕಂಠ ಬಹಳ ಇಂಪೆಂದೂ ಸೇರಿಸಿದ. ನನ್ನ ತಮ್ಮನ ಕಂಠ ಕೇಳಿದರೆ ಎಮ್ಮೆ ಹಗ್ಗ ಹರಿದುಕೊಳ್ಳುತ್ತಿತ್ತು. ಸರಕಾರಿ ವಕೀಲರು ಅವರನ್ನೆಲ್ಲ ನಗುತ್ತ ಕೂರಿಸಿ, ಬೀಗರನ್ನೂ ಅವರ ಮಗಳನ್ನೂ ಕರೆಸಿದರು.

ಆ ಹುಡುಗಿ ಕಟಕಟೆಯಲ್ಲಿ ನಿಂತಳು. ಆ ರಾತ್ರಿ ಗಂಡ ಬಂದಿದ್ದನೇ ಎಂದು ಕೇಳಿದರು. ಬಂದಿದ್ದ ಎಂದಳು. ಅಪ್ಪ ಎದುರಿಗೆ ಕೂತಿದ್ದ. ಎಷ್ಟು ಹೊತ್ತಿಗೆ ಬಂದ, ಏನು ಉಂಡ, ಏನು ಮಾತಾಡಿದ ಎಂದು ಕೇಳಿದರು. ಎಲ್ಲದಕ್ಕೂ ಉತ್ತರ ಹೇಳಿದಳು. ಜೋಳದ ರೊಟ್ಟಿ, ಪುಂಡಿಪಲ್ಯ. ನಾಳೆ ಊರಿಗೆ ಹೋಗೋಣ ಅಂದರು. ಎಂದೂ ತನ್ನ ಕೋಣೆಗೆ ಮನಸ್ಸಿಟ್ಟು ಬರದ ಗಂಡನನ್ನು ಅವಳು ನೂರು ಜನರ ಎದುರು ಕರೆದು, ಬಡಿಸಿ, ಮಾತಾಡಿಸಿದಳು. ನನಗೆ ಆ ಕೋರ್ಟಿನಲ್ಲಿ ತಡೆಯಲಾಗದಷ್ಟು ಅಳು ಬಂದದ್ದು ಆಗೊಮ್ಮೆ ಮಾತ್ರ.

ಎರಡು ಸುಳ್ಳು ಒಂದಕ್ಕೊಂದು ಡಿಕ್ಕಿ ಹೊಡೆದು ಎರಡೂ ಬಿದ್ದವು. ಇಷ್ಟು ಸುಳ್ಳು ಹೇಳಿಸುವವನು ಕೊಂದೇ ಇರಬೇಕು ಎಂದು ಸರಕಾರಿ ವಕೀಲರು ಹೇಳಿದರು. ಹೊರಗಿನವಳಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಈ ಸುದ್ದಿ ಬಸ್ಸಿನವರ ಬಾಯಲ್ಲಿ ಸವಣೂರು ಮುಟ್ಟಿತು. ಮುಂದಿನ ತಾರೀಖಿಗೆ ತೋಟದವನು ಕೋರ್ಟಿನ ಬಾಗಿಲಲ್ಲಿ ನಿಂತಿದ್ದ. ಯಾರೂ ಕರೆದಿರಲಿಲ್ಲ. ಅವನ ಕಾಲಲ್ಲಿ ನನ್ನ ತಮ್ಮನ ಚಪ್ಪಲಿ. ಹಿಮ್ಮಡಿ ಅರ್ಧ ಹೊರಗಿತ್ತು. ಅಷ್ಟು ದಿನ ಅದನ್ನೇ ಹಾಕಿಕೊಂಡು ಓಡಾಡಿದ್ದ. "ನಾ ಹೇಳ್ತೇನ್ರಿ" ಎಂದು ವಕೀಲರ ಮುಂದೆ ಕೈಮುಗಿದ. ಕಳೆದುಕೊಳ್ಳಲು ಬೇರೆ ಏನೂ ಉಳಿದಿರಲಿಲ್ಲ, ವಕೀಲರು ಒಪ್ಪಿದರು. ಕಟಕಟೆಯಿಂದ ನನ್ನ ತಮ್ಮ ಬೇಡ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಇದ್ದ.

ತೋಟದವನು ಹೇಳಿದ್ದು ಚಿಕ್ಕದು. ಆ ಸಂಜೆ ಬಂದ, ಬೆಳಗಿನ ಬಸ್ಸಿಗೆ ಹೋದ, ಕತ್ತಲಲ್ಲಿ ಚಪ್ಪಲಿ ಅದಲುಬದಲಾದವು. ಸರಕಾರಿ ವಕೀಲರು ಎದ್ದರು.

"ಗುಡಿಸಲದಾಗ ಎಷ್ಟು ಚಾಪಿ ಅದಾವ?"

"ಒಂದು ರೀ."

"ಹೊದ್ಕೊಳ್ಳಾಕ?"

"ಕೌದಿ ಒಂದು ರೀ."

"ಹಂಗಾದ್ರ ಇಬ್ರೂ ಹೆಂಗ ಮಲಗಿದ್ರಿ?"

"ಮಲಗಿದಂಗ ಮಲಗಿದ್ವಿ ರೀ."

ಕೋರ್ಟು ನಕ್ಕಿತು. ಜಡ್ಜ್ ಸಾಹೇಬರು ಸದ್ದು ಬೇಡವೆಂದರು, ಆದರೆ ಅವರೂ ಮೀಸೆಯ ಮೇಲೆ ಕೈಯಿಟ್ಟುಕೊಂಡಿದ್ದರು.

"ನಿನಗ ಲಗ್ನ ಆಗೇತಿ?"

"ಇಲ್ರಿ."

"ಯಾಕ?"

ಅವನು ಕಟಕಟೆಯಲ್ಲಿದ್ದ ನನ್ನ ತಮ್ಮನ ಕಡೆ ನೋಡಿದ.

"ಇಂವ ನಿನಗ ಏನಾಗಬೇಕು?"

"ಏನಾಗಬೇಕಂತ ನಮಗ ಯಾರೂ ಹೇಳಿಕೊಟ್ಟಿಲ್ರಿ. ಆದ್ರ ಆ ರಾತ್ರಿ ಇಂವ ನನ್ನ ಕಡೇನ ಇದ್ದ. ಚಪ್ಪಲಿ ಅದಾವಲ್ರಿ, ಇಬ್ಬರ ಕಾಲಿಗೂ ಹಾಕಿ ನೋಡ್ರಿ."

ಹಾಕಿ ನೋಡಲಿಲ್ಲ. ರೈತರು ದೊಡ್ಡ ಚಪ್ಪಲಿ ಹಾಕಿಕೊಳ್ಳುವುದು ಸಾಮಾನ್ಯ ಎಂದು ತೀರ್ಪಿನಲ್ಲಿ ಬಂತು. ಸವಣೂರಿನ ಎಲೆ ಹಾನಗಲ್ಲಿನ ಸಂತೆಯಲ್ಲೂ ಸಿಗುತ್ತದೆ ಎಂದೂ ಬಂತು. ಪಕ್ಕದ ತೋಟದ ಮುದುಕ ಆ ಸಂಜೆಯೂ ಮರುದಿನ ನಸುಕಿನಲ್ಲೂ ಎರಡು ಜೊತೆ ಚಪ್ಪಲಿ ನೋಡಿದ್ದ. ನಮ್ಮ ವಕೀಲರು ಗುಮಾಸ್ತನನ್ನು ಕಳಿಸಿ ಬೇಡಿಕೊಂಡರೂ, ಕೊಲೆಯ ಕೇಸಿಗೆ ನಾನು ಬರುವುದಿಲ್ಲ, ನನಗೆ ತೋಟದ ಕೆಲಸವಿದೆ ಎಂದುಬಿಟ್ಟ. ಇನ್ನು ತೋಟದವನ ಮಾತು: ತನ್ನ ಅನಾಚಾರವನ್ನು ತನ್ನ ಬಾಯಿಂದಲೇ ಹೇಳಿಕೊಂಡ ಮನುಷ್ಯ, ನಾಚಿಕೆ ಬಿಟ್ಟವನಿಗೆ ಸುಳ್ಳು ಯಾವ ದೊಡ್ಡದು, ನಂಬಲಾಗದು. ಸತ್ತವನಿಗೆ ಇವರ ಗುಟ್ಟು ತಿಳಿದಿರಬಹುದು, ಕೊಲೆಗೆ ಅದೂ ಕಾರಣವಾಗಿರಬಹುದು. ಆರೋಪಿಯಂಥ ಸ್ವಭಾವದವನಿಗೆ ದಯೆ ತೋರಲು ಕಾರಣ ಕಾಣುವುದಿಲ್ಲ. ಸಾಯುವವರೆಗೆ ನೇಣು.

ಹೊರಗೆ ಬೇವಿನ ಗಿಡದ ಕೆಳಗೆ ನಾನು ವಕೀಲರನ್ನು ಕೇಳಿದೆ, "ನೀರಿನ ಜಗಳಕ್ಕ ಗಲ್ಲು ಕೊಡ್ತಾರೇನ್ರಿ?"

"ಇಲ್ರಿ ಅಕ್ಕಾರ. ನೀರಿನ ಜಗಳ ಸಿಟ್ಟಿನ ಭರದಾಗ ಆಗೂದು. ಜನ್ಮಠೇಪ ಕೊಡೂದು ರೂಢಿ."

"ಮತ್ತ ಗಲ್ಲು ಯಾತಕ?"

ಅವರು ಕಾಗದದ ಕಟ್ಟಿಗೆ ದಾರ ಸುತ್ತಿದರು. "ಅದು ಚಾಪಿಗೆ" ಎಂದರು.

ಆಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಸುದ್ದಿ ಹೇಳಿದರು. ತೋಟದವನ ಹೇಳಿಕೆ ಕೇಳಿ ಫೌಜದಾರರು ಇಬ್ಬರ ಮೇಲೂ ಆ ಕಲಮಿನ ಕೇಸು ಹಾಕುತ್ತಿದ್ದಾರೆ, ಅದೇ ರಾತ್ರಿಯದು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ.

"ಅಂದ್ರ ಆ ರಾತ್ರಿ ನನ್ನ ತಮ್ಮ ಸವಣೂರಾಗ ಇದ್ದ ಅಂತ ಈಗ ಸರಕಾರನ ಹೇಳತೈತಿ?"

ವಕೀಲರು ಕಾಗದದ ಕಟ್ಟಿನ ದಾರವನ್ನು ಮತ್ತೆ ಬಿಚ್ಚಿದರು. ಆ ಕೇಸಿನಲ್ಲಿ ಶಿಕ್ಷೆಯಾದರೆ, ಆ ತೀರ್ಪನ್ನು ಮೇಲಿನ ಕೋರ್ಟಿನ ಮುಂದಿಟ್ಟು ಗಲ್ಲು ತಪ್ಪಿಸಲು ಯತ್ನಿಸಬಹುದು ಎಂದರು. ತಪ್ಪುತ್ತದೆಂದು ಹೇಳಲಿಲ್ಲ. ಯತ್ನಿಸಬಹುದು ಎಂದರು, ಅಷ್ಟೇ.

ತೋಟದವನನ್ನು ಕೂರಿಸಿಕೊಂಡು ಅವರು ಬಿಡಿಸಿ ಹೇಳಿದರು: ಆರೋಪ ಒಪ್ಪದೆ ಇಲ್ಲ ಎಂದರೆ ನಿನ್ನನ್ನು ಬಿಡಿಸುವುದು ಕಷ್ಟವಲ್ಲ, ಕಣ್ಣಿಂದ ಕಂಡವರು ಯಾರಿದ್ದಾರೆ?

"ಹೌದು ಅಂದ್ರ?" ಎಂದು ಕೇಳಿದ ಅವನು.

"ಹೌದು ಅಂದ್ರ ನಿನಗ ಜೈಲು. ಅವಗ ಉಪಯೋಗ ಆದ್ರ ಆತು, ಇಲ್ಲಂದ್ರ ಇಲ್ಲ."

"ಹೌದು ಅಂತೇನ್ರಿ" ಎಂದ. ತೋಟಕ್ಕೆ ನೀರು ಬಿಡುವ ವಿಷಯದಲ್ಲೂ ಅವನು ಇದಕ್ಕಿಂತ ಹೆಚ್ಚು ಯೋಚಿಸುತ್ತಿದ್ದನೇನೋ.

ತಾಲೂಕಿನ ಸಣ್ಣ ಕೋರ್ಟಿನಲ್ಲಿ ಆ ಕೇಸು ನಡೆಯಿತು. ನನ್ನ ತಮ್ಮನನ್ನು ಜೈಲಿನಿಂದ ಬೇಡಿ ಹಾಕಿ ತಂದರು. ಪಕ್ಕದ ತೋಟದ ಮುದುಕ ಈ ಸಲ ಕರೆಯುವ ಮೊದಲೇ ಬಂದು ಕೂತಿದ್ದ. ಆ ವರ್ಷ ಅವನ ಬಳ್ಳಿಗಳು ಬಾಡಿದ್ದವು. ಇಬ್ಬರ ಮೈಲಿಗೆ ಬೇಲಿ ದಾಟಿ ತನ್ನ ಬಳ್ಳಿಗೆ ತಾಗಿದೆ ಎಂಬುದು ಅವನ ನಂಬಿಕೆ. ಒಂದು ಜೀವ ಉಳಿಸಲು ಬರದವನು ಬಳ್ಳಿಗಾಗಿ ಬಂದ. ಸಂಜೆ ಎರಡು ಜೊತೆ, ನಸುಕಿನಲ್ಲಿ ಎರಡು ಜೊತೆ ಎಂದು ಗಟ್ಟಿಯಾಗಿ ಹೇಳಿದ. ಇಲ್ಲಿ ಎಲ್ಲರೂ ಅವನನ್ನು ನಂಬಿದರು. ಇಲ್ಲಿ ಫೌಜದಾರರು ಒಯ್ದಿದ್ದ ಜೊತೆಯನ್ನೂ ತೋಟದವನ ಕಾಲಿಂದ ಬಿಚ್ಚಿಸಿದ ಜೊತೆಯನ್ನೂ ತರಿಸಿ ಇಬ್ಬರ ಕಾಲಿಗೂ ಹಾಕಿ ನೋಡಿದರು. ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿಕೊಳ್ಳುವಷ್ಟು ಸಲಿಗೆ ಇತ್ತೆಂದು ಬರೆದುಕೊಂಡರು.

ಕೊನೆಗೆ ಮ್ಯಾಜಿಸ್ಟ್ರೇಟರು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ಒಪ್ಪಿಗೆಯೇ ಎಂದು ಕೇಳಿದರು. ತೋಟದವನು, "ಹೌದ್ರಿ" ಎಂದ. ನನ್ನ ತಮ್ಮ ಅವನ ಮುಖ ನೋಡಿದ, ಆಮೇಲೆ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನೂ, "ಹೌದ್ರಿ" ಎಂದ. ಅವನ ಲಗ್ನದ ದಿನವೂ ನಾನು ಅವನ ಪಕ್ಕದಲ್ಲೇ ಇದ್ದೆ. ಅವತ್ತು ಅವನ ಬಾಯಿಂದ ಇಷ್ಟು ಸ್ಪಷ್ಟವಾಗಿ ಮಾತು ಬಂದಿರಲಿಲ್ಲ.

ಇಬ್ಬರಿಗೂ ಎರಡೆರಡು ವರ್ಷ. ನನ್ನ ತಮ್ಮನಿಗೆ ಗಲ್ಲು ಮತ್ತು ಎರಡು ವರ್ಷ. ಯಾವುದು ಮೊದಲು ಎಂದು ಯಾರೂ ಬರೆದಿರಲಿಲ್ಲ.

ಶಿಕ್ಷೆಯಾಯಿತೆಂದು ನಾವು ಸಂತೋಷಪಟ್ಟೆವು. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ನಾನು ಪೇಢೆ ಕೊಂಡು ಅವ್ವನಿಗೆ ಒಯ್ದೆ. ವಕೀಲರು ಆ ತೀರ್ಪಿನ ಪ್ರತಿ ತೆಗೆಸಿ ಮೇಲಿನ ಕೋರ್ಟಿಗೆ ಒಯ್ದರು. ಅಲ್ಲಿಂದ ಬಂದ ಉತ್ತರ ಇಷ್ಟು: ಒಂದು ಕೋರ್ಟಿನ ತೀರ್ಪು ಇನ್ನೊಂದು ಕೋರ್ಟಿಗೆ ಸಾಕ್ಷಿಯಲ್ಲ. ಅಲ್ಲದೆ, ಇಂಥ ಹೇಸಿಗೆಯ ಗುನ್ನೆಯನ್ನು ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ಅದು ಗಲ್ಲು ತಪ್ಪಿಸಿಕೊಳ್ಳುವ ಹೂಟವೆಂದು ತೋರಿಸುತ್ತದೆ. ಗಲ್ಲು ಕಾಯಂ. ದಯೆಯ ಅರ್ಜಿಯೂ ತಿರುಗಿ ಬಂತು.

ಕೊನೆಯ ಭೇಟಿಗೆ ಅವ್ವ ಬರಲಾರೆನೆಂದಳು. ನಾನೊಬ್ಬಳೇ ಹೋದೆ. ತಮ್ಮ ಗದ್ದೆಗೆ ನೀರು ಬಂತೇ ಎಂದು ಕೇಳಿದ. ಬಂತೆಂದೆ. "ಅಂವ ಎಲ್ಲಿ ಅದಾನ?" ಎಂದು ಕೇಳಿದ.

"ಇಲ್ಲೇ ಅದಾನ. ಆ ಗ್ವಾಡಿ ಆಚೀಕಡೆ."

ಅವನ ಮುಖ ಅರಳಿತು. ಒಂದೇ ಜೈಲಿನಲ್ಲಿದ್ದೇವೆಂದು ಅವನಿಗೆ ಯಾರೂ ಹೇಳಿರಲಿಲ್ಲ. "ಒಂದ ಸಲ ತೋರಸ್ತಾರೇನು ಕೇಳಕ್ಕ" ಎಂದ.

ಜೈಲರರನ್ನು ಕೇಳಿದೆ. ಅವರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿದರು. "ಏನಾಗಬೇಕ್ರಿ ಆ ಕೈದಿ ಇವಗ?" ಎಂದರು.

"ಏನಾಗಬೇಕಂತ ನಿಮ್ಮ ಸರಕಾರನ ಬರಕೊಂಡೈತಲ್ರಿ. ಅದಕ್ಕ ಎರಡು ವರ್ಷ ಕೊಟ್ಟೈತಿ."

ರಕ್ತಸಂಬಂಧಿಕರಿಗೆ ಮಾತ್ರ ಭೇಟಿ ಎಂದರು. ಭೇಟಿಯಾಗಲಿಲ್ಲ. ಎರಡು ದಿನದ ಮೇಲೆ ನನ್ನ ತಮ್ಮನನ್ನು ಗಲ್ಲಿಗೇರಿಸಿದರು. ಅದರ ಬಗ್ಗೆ ನಾನು ಬರೆಯುವುದಿಲ್ಲ. ನನಗೆ ಅವತ್ತೂ ಸಿಟ್ಟು ಬಂದಿತ್ತು, ಇವತ್ತೂ ಇದೆ.

ದಿನಕರ್ಮ ಮುಗಿದ ಮೇಲೆ ಶಾಲೆಗೆ ರಜೆ ಹಾಕಿ ತಾಲೂಕಿನ ಆ ಸಣ್ಣ ಕೋರ್ಟಿಗೆ ಹೋದೆ. ನನ್ನ ಕೈಯಾರೆ ಒಂದು ಅರ್ಜಿ ಬರೆದಿದ್ದೆ. ನನ್ನ ತಮ್ಮ ಆ ರಾತ್ರಿ ತಿಳವಳ್ಳಿಯಲ್ಲಿದ್ದನೆಂದು ಸರಕಾರ ಅವನನ್ನು ಕೊಂದಿದೆ. ಆದ್ದರಿಂದ ಅದೇ ರಾತ್ರಿ ಸವಣೂರಿನಲ್ಲಿ ಅವನ ಜೊತೆ ಇದ್ದನೆಂದು ಜೈಲಿನಲ್ಲಿಟ್ಟವನನ್ನು ಬಿಡಬೇಕು. ಅವನನ್ನು ಇಟ್ಟುಕೊಂಡದ್ದೇ ಸರಿ ಎಂದಾದರೆ, ನನ್ನ ತಮ್ಮನನ್ನು ವಾಪಸು ಕೊಡಬೇಕು.

ಶಿರಸ್ತೇದಾರರು ಅದನ್ನು ಎರಡು ಸಲ ಓದಿದರು. ಚಷ್ಮಾ ತೆಗೆದು ಒರೆಸಿಕೊಂಡರು. "ಅದು ಬ್ಯಾರೆ ಕೇಸ್ರಿ, ಅಕ್ಕಾರ" ಎಂದು ಮೆಲ್ಲಗೆ ಹೇಳಿ ಅರ್ಜಿಯನ್ನು ನನ್ನ ಕೈಗೇ ಕೊಟ್ಟರು.

ತೋಟದವನ ಎರಡು ವರ್ಷ ಮುಗಿದು ಬಿಡುಗಡೆಯಾದ ದಿನ ನಾನು ಜೈಲಿನ ಬಾಗಿಲಿಗೆ ಹೋದೆ. ಅವನಿಗೆ ಅಕ್ಕತಂಗಿಯರಿರಲಿಲ್ಲ. ಬರಿಗಾಲಲ್ಲಿ ಹೊರಗೆ ಬಂದ, ಕೂದಲು ಬೆಳ್ಳಗಾಗಿತ್ತು. ದಾರಿಯಲ್ಲಿ, "ಬಳ್ಳಿ ಹೆಂಗದಾವು?" ಎಂದು ಕೇಳಿದ. ಇವರಿಬ್ಬರೂ ಒಳಗಿದ್ದಾಗಲೇ ಮುದುಕನ ತೋಟ ಪೂರ್ತಿ ಬಾಡಿ ಹೋಗಿತ್ತು; ರೋಗ ಬಿದ್ದಿತ್ತು. ಅದನ್ನು ಹೇಳಿದೆ. "ಪಾಪ" ಎಂದ. ನಾನು ಪಾಪ ಎನ್ನಲಿಲ್ಲ.

ಚಪ್ಪಲಿ ಬಿಡಿಸಿಕೊಳ್ಳಲು ಇಬ್ಬರೂ ಸಣ್ಣ ಕೋರ್ಟಿಗೆ ಹೋದೆವು. ಜಪ್ತಿ ಮಾಡಿದ ಮುದ್ದೆಮಾಲಿನ ಕಪಾಟಿನಲ್ಲಿ ಎರಡೂ ಜೊತೆ ಇದ್ದವು, ದಾರದಲ್ಲಿ ಚೀಟಿ ಕಟ್ಟಿ. ಯಾರ ಕಾಲಿಂದ ತೆಗೆದರೋ ಅವರ ಹೆಸರು. ಹಾಗಾಗಿ ತೋಟದವನ ದೊಡ್ಡ ಚಪ್ಪಲಿಯ ಮೇಲೆ ನನ್ನ ತಮ್ಮನ ಹೆಸರಿತ್ತು. "ಇವನ್ನ ಕೊಡಾಕ ಬರೂದಿಲ್ರಿ" ಎಂದರು ಶಿರಸ್ತೇದಾರರು. "ಈ ಕೇಸಿನಾಗ ಅವರ ಶಿಕ್ಷಾ ಇನ್ನೂ ಮುಗದಿಲ್ಲ."

ನಾನು ಬಾಯಿ ತೆರೆದೆ. ತೋಟದವನು ಬೇಡವೆಂದು ನನ್ನ ಕೈ ಹಿಡಿದ. ತನ್ನ ಹೆಸರಿನ ಚೀಟಿಯಿದ್ದ ಸಣ್ಣ ಜೊತೆಯನ್ನು ಇಸಿದುಕೊಂಡು, ಹೊರಗೆ ಕಟ್ಟೆಯ ಮೇಲೆ ಕೂತು, ಅಂಗೈಯಿಂದ ಧೂಳು ಒರೆಸಿ ಕಾಲಿಗೆ ಹಾಕಿಕೊಂಡ.

"ಸಣ್ಣ ಆಗ್ತಾವಲ್ಲೋ" ಎಂದೆ.

"ಆಗ್ಲಿ ಬಿಡಕ್ಕ" ಎಂದ. ಹಿಮ್ಮಡಿ ಅರ್ಧ ಹೊರಗೆ ಚಾಚಿಕೊಂಡು, ಬಸ್ ಸ್ಟ್ಯಾಂಡಿನವರೆಗೆ ಹಾಗೆಯೇ ನಡೆದ.